ಟ್ರೇಗೆ ಹಾಕಬಾರದ್ದು

ಬೋಗಾದಿ, ಮೈಸೂರು
18 ಸೆಪ್ಟೆಂಬರ್ 2024

ಅಮರೇಶ್ ಅವರಿಗೆ,

ನಾವು ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಅದು ನಿಚ್ಚಿಯ ಕಿವಿಗೆ ಬೀಳುತ್ತದೆ, ಆದ್ದರಿಂದ ಮಗಳ ವಿಷಯ ಏನಿದ್ದರೂ ಪತ್ರದಲ್ಲಿರಲಿ ಎಂದು ಮಧ್ಯಸ್ಥಿಕೆ ಕೇಂದ್ರದ ಮೇಡಂ ಹೇಳಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ದಸರಾ ರಜೆಗೆ ಅವಳನ್ನು ಕಳಿಸುತ್ತೇನೆ. ಅಕ್ಟೋಬರ್ ನಾಲ್ಕಕ್ಕೆ ಬಂದು ಕರೆದುಕೊಂಡು ಹೋಗಿ, ಹದಿಮೂರಕ್ಕೆ ತಂದುಬಿಡಿ. ಜಂಬೂಸವಾರಿ ದಿನ ಮೊಮ್ಮಗಳು ಊರಲ್ಲಿರುವುದಿಲ್ಲ ಎಂದು ಅಮ್ಮ ಮುಖ ಊದಿಸಿಕೊಂಡಿದ್ದಾರೆ. ಆದರೂ ಒಪ್ಪಿದ್ದೇನೆ.

ಮುಖ್ಯವಾದದ್ದು ಒಂದೇ. ಅವಳ ಸೊಂಟದಲ್ಲಿರುವ ಇನ್ಸುಲಿನ್ ಪಂಪನ್ನು ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದೊಳಗೆ ಕಳಿಸಬಾರದು. ಕಂಪನಿಯವರೂ ಡಾಕ್ಟರೂ ಹೇಳಿರುವ ಮಾತಿದು. ತಪಾಸಣೆಯವರು ಟ್ರೇಗೆ ಹಾಕಿ ಎಂದರೆ ಡಾಕ್ಟರ ಕಾಗದ ತೋರಿಸಿ, ಕೈಯಿಂದ ಮುಟ್ಟಿ ನೋಡಿ ಎಂದು ಕೇಳಿ. ಮೇ ತಿಂಗಳಲ್ಲಿ ನಿಮ್ಮ ಊರಿನ ನಿಲ್ದಾಣದಿಂದ ಅವಳನ್ನು ಕರೆತಂದವಳು ನಾನು. ಅಲ್ಲಿಯ ಹೆಂಗಸು ಕಾಗದ ಓದಿ, ಎರಡು ನಿಮಿಷದಲ್ಲಿ ನಗುತ್ತ ಬಿಟ್ಟಳು. ಕಾಗದ ಹಸಿರು ಫೈಲಿನಲ್ಲಿದೆ.

ಪಂಪ್ ಚೆನ್ನಾಗಿದೆ. ಊಟಕ್ಕೆ ಮುಂಚೆ ಸಕ್ಕರೆ ನೋಡುವುದು, ಕಡಿಮೆಯಾದರೆ ಜ್ಯೂಸ್ ಕೊಡುವುದು, ಎಲ್ಲವನ್ನೂ ಬೇರೆ ನಾಲ್ಕು ಪುಟದಲ್ಲಿ ಬರೆದಿಟ್ಟಿದ್ದೇನೆ. ಅವಳಿಗೆ ಏಳು ವರ್ಷವಿದ್ದಾಗ ಬಂದ ಕಾಯಿಲೆ. ಈಗ ಹನ್ನೆರಡು. ಈ ಐದು ವರ್ಷವೂ ಅದರ ಜೊತೆ ಎದ್ದು ಮಲಗಿದವಳು ನಾನು. ನೀವು ಅದನ್ನು ನೋಡಿರುವುದು ರಜೆಯಲ್ಲಿ ಮಾತ್ರ.

ಶಿಲ್ಪಶ್ರೀ


ರೈಲ್ವೆ ಕಾಲೊನಿ
25 ಸೆಪ್ಟೆಂಬರ್ 2024

ಶಿಲ್ಪಶ್ರೀಗೆ,

ನಿನ್ನ ಪತ್ರವೂ ನಾಲ್ಕು ಪುಟದ ಅಪ್ಪಣೆಯೂ ಬಂದವು. ರೈಲಿನ ಬ್ರೇಕು ಬಿಚ್ಚಿ ಜೋಡಿಸುವವನಿಗೆ ಬೆಂಕಿಪೊಟ್ಟಣದಷ್ಟು ಪಂಪ್ ನೋಡಿಕೊಳ್ಳಲು ಬರುವುದಿಲ್ಲ ಎಂದು ನೀನು ತಿಳಿದಿದ್ದರೆ ಏನು ಹೇಳಲಿ. ಇಲ್ಲಿನ ಆಸ್ಪತ್ರೆಗೆ ಎರಡು ಭಾನುವಾರ ಹೋಗಿ ಕಲಿತು ಬಂದಿದ್ದೇನೆ. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ವರ್ಗಾವಣೆಯನ್ನು ನಾನು ಬೇಡಿ ತೆಗೆದುಕೊಂಡದ್ದಲ್ಲ. ರಜೆಯಲ್ಲಿ ಮಾತ್ರ ನೋಡುವ ಅಪ್ಪನಾಗಲು ನನಗೂ ಇಷ್ಟವಿಲ್ಲ.

ಒಂದು ಕೋರಿಕೆ. ಅವಳು ಇಲ್ಲಿರುವಾಗ ಎರಡು ಗಂಟೆಗೊಮ್ಮೆ ಫೋನ್ ಮಾಡಿ ಸಕ್ಕರೆ ಎಷ್ಟು ಎಂದು ಕೇಳಬೇಡ. ಮಗು ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಾಳೆ.

ಅಮರೇಶ್


ಬೋಗಾದಿ
18 ಅಕ್ಟೋಬರ್ 2024

ಅಮರೇಶ್ ಅವರಿಗೆ,

ನಿಚ್ಚಿ ನಿನ್ನೆ ಸಂಜೆ ಮನೆಗೆ ಬಂದಳು. ಆಸ್ಪತ್ರೆಯಿಂದ ಫೋನ್ ಮಾಡಿದಾಗ ನಿಮಗೆ ಎರಡೇ ಮಾತು ಹೇಳಿ ಇಟ್ಟುಬಿಟ್ಟೆ, ಬರಬೇಡಿ ಎಂದೂ ಹೇಳಿದೆ. ಈಗ ಪೂರ್ತಿ ಹೇಳುತ್ತೇನೆ, ಓದಿ.

ಹದಿಮೂರನೆಯ ತಾರೀಕು ನೀವು ಬಿಟ್ಟು ಹೋದಿರಿ. ಹದಿನಾಲ್ಕರಂದು ನಾನು ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟಿನಲ್ಲಿದ್ದೆ. ಹನ್ನೊಂದು ಗಂಟೆಗೆ ಅಮ್ಮ ಫೋನ್ ಮಾಡಿ, "ಮಗೀಗೆ ವಾಂತಿ ಕಣೆ, ಅಲ್ಲೇನೋ ತಿಂದು ಬಂದವ್ಳೆ" ಅಂದರು. ಸಕ್ಕರೆ ನೋಡಿ ಅಂದೆ. ಐನೂರ ಹನ್ನೆರಡು. ಸೂಪರ್‌ವೈಸರಿಗೂ ಹೇಳದೆ ಗೇಟಿನಿಂದ ಓಡಿದೆ. ನಾನು ಮನೆ ಮುಟ್ಟುವಷ್ಟರಲ್ಲಿ ಅವಳು ಏದುಸಿರು ಬಿಡುತ್ತಿದ್ದಳು. ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದವಳು, ಕರೆದರೆ ಕಣ್ಣು ಬಿಡಲಿಲ್ಲ.

ಪಂಪ್ ಓಡುತ್ತಿರುವ ಹಾಗೆ ತೋರಿಸುತ್ತಿತ್ತು. ಇನ್ಸುಲಿನ್ ಒಳಗೆ ಹೋಗುತ್ತಿರಲಿಲ್ಲ. ಒಂದು ದಿನ ಒಂದು ರಾತ್ರಿ ಐಸಿಯುನಲ್ಲಿಟ್ಟಿದ್ದರು. ಅವಳಿಗೆ ಎಚ್ಚರವಾದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಇದೇನಾದರೂ ಎಕ್ಸ್‌ರೇ ಯಂತ್ರದೊಳಗೆ ಹೋಗಿತ್ತೇ?" ನಾನು ಎದೆ ತಟ್ಟಿ ಇಲ್ಲ ಎಂದೆ. ನಿಚ್ಚಿ ಗೋಡೆಯ ಕಡೆ ತಿರುಗಿದಳು. ಆಮೇಲೆ ಮೆತ್ತಗೆ ಹೇಳಿದಳು: "ಹೋಗಿತ್ತು. ಅಪ್ಪ ಅಮ್ಮಂಗೆ ಹೇಳ್ಬೇಡ ಅಂದ್ರು."

ಅದೇ ನಿಲ್ದಾಣ. ಮೇ ತಿಂಗಳಲ್ಲಿ ನಾನು ನಿಂತಿದ್ದ ಅದೇ ಜಾಗ. ನನ್ನನ್ನು ಕೇಳದಿದ್ದವರು ನಿಮ್ಮನ್ನು ಯಾಕೆ ಕೇಳುತ್ತಾರೆ? ಯಾರೂ ಕೇಳಲೇ ಇಲ್ಲ, ನೀವೇ ಗಮನವಿಲ್ಲದೆ ಬ್ಯಾಗಿನ ಜೊತೆ ಕಳಿಸಿದಿರಿ. ಆಮೇಲೆ ಮಗುವಿಗೆ ಸುಳ್ಳು ಹೇಳಿಕೊಟ್ಟಿರಿ.

ಕಂಪನಿಯವರು ಪಂಪನ್ನು ಪರೀಕ್ಷೆಗೆ ತೆಗೆದುಕೊಂಡು ಹೋಗಿದ್ದಾರೆ. ಬೇರೆ ಪಂಪ್ ಕೊಟ್ಟಿದ್ದಾರೆ. ನಾನು ವಕೀಲರನ್ನು ನೋಡಲು ಹೋಗುತ್ತಿದ್ದೇನೆ.

ಶಿಲ್ಪಶ್ರೀ


ರೈಲ್ವೆ ಕಾಲೊನಿ
23 ಅಕ್ಟೋಬರ್ 2024

ಶಿಲ್ಪಶ್ರೀಗೆ,

ಹೇಳಬೇಡ ಎಂದದ್ದು ನಿಜ. ಅದಕ್ಕೆ ನೀನು ಏನೆಂದರೂ ಸರಿ. ಉಳಿದದ್ದು ನೀನು ಅಂದುಕೊಂಡ ಹಾಗಲ್ಲ.

ನಿಚ್ಚಿಯನ್ನು ಪರದೆಯ ಒಳಗೆ ಕರೆದುಕೊಂಡು ಹೋದ ಹೆಂಗಸು ಕಾಗದ ಓದಿದಳು, ಪಂಪ್ ಮುಟ್ಟಿ ನೋಡಿದಳು, "ಆಯ್ತು, ಹೋಗಿ" ಎಂದಳು. ನೀನು ಹೇಳಿದ ಎರಡೇ ನಿಮಿಷ. ಬ್ಯಾಗು ಎತ್ತಿಕೊಳ್ಳುತ್ತಿದ್ದೆವು. ಆಗ ಅವರ ಮೇಲಿನವನು ಬಂದ.

"ಮಗುವಿನ ಸೊಂಟದಲ್ಲಿ ಏನದು?"

ಹೇಳಿದೆ.

"ತೆಗೆದು ಟ್ರೇಗೆ ಹಾಕಿ."

"ಮೇಡಂ ನೋಡಿ ಬಿಟ್ಟಿದ್ದಾರೆ ಸಾರ್."

"ಅವರು ಬಿಟ್ಟರೆ ಆಗಲ್ಲ, ನಾನು ಬಿಡಬೇಕು."

ಕಾಗದ ಕೊಟ್ಟೆ. "ಇದು ಮೇ ತಿಂಗಳದ್ದು, ಹೊಸದು ಬೇಕು" ಎಂದ. ಎಷ್ಟು ದಿನದೊಳಗಿನದು ಬೇಕು ಎಂದು ಕೇಳಿದೆ. "ಹೊಸದು" ಎಂದ, ಅಷ್ಟೇ. ಇದೇ ಕಾಗದಕ್ಕೆ ಹೋಗುವಾಗ ಬೆಂಗಳೂರಿನಲ್ಲಿ ಯಾರೂ ಏನೂ ಅನ್ನಲಿಲ್ಲ ಎಂದೆ. "ಹಾಗಾದರೆ ಬೆಂಗಳೂರಿಗೇ ಹೋಗಿ ಕೇಳಿ" ಎಂದ. ಹಿಂದೆ ನೂರು ಜನ. ನಮ್ಮ ವಿಮಾನದ ಕೊನೆಯ ಕರೆ ಮೈಕಿನಲ್ಲಿ ಬರುತ್ತಿತ್ತು. ಆ ಪಂಪನ್ನು ಬಿಚ್ಚಿ ಕೊಡದೆ ಅವರು ಬಿಡಲಿಲ್ಲ. ನಿಚ್ಚಿ ಬಿಚ್ಚಿ ಕೊಟ್ಟಳು. ಯಂತ್ರದಿಂದ ಆಚೆ ಬಂದ ಮೇಲೆ ಹಾಕಿಕೊಂಡಳು, ಪಂಪ್ ಆನ್ ಆಯಿತು, ಯಾವ ಶಬ್ದವೂ ಮಾಡಲಿಲ್ಲ. ವಿಮಾನದಲ್ಲಿ ಸಕ್ಕರೆ ನೂರ ನಲವತ್ತಿತ್ತು. ಏನೂ ಆಗಲಿಲ್ಲ ಎಂದುಕೊಂಡೆ. ನಿನಗೆ ಹೇಳಿದರೆ ಇನ್ನು ಮುಂದೆ ಅವಳನ್ನು ಕಳಿಸುವುದಿಲ್ಲ ಎಂದು ಹೆದರಿದೆ.

ಈಗ ಹೇಗಿದ್ದಾಳೆ? ಊಟ ಮಾಡುತ್ತಾಳಾ? ಅದನ್ನಾದರೂ ಬರಿ.

ಅಮರೇಶ್


ಬೋಗಾದಿ
6 ನವೆಂಬರ್ 2024

ಅಮರೇಶ್ ಅವರಿಗೆ,

ನಿಮ್ಮ ಪತ್ರ ಓದಿದೆ. ನಂಬಲಿಲ್ಲ. ಒಂದೇ ನಿಲ್ದಾಣದಲ್ಲಿ, ಒಂದೇ ಕಾಗದಕ್ಕೆ, ಒಬ್ಬರು ಹೋಗು ಎಂದು ಇನ್ನೊಬ್ಬರು ನಿಲ್ಲು ಎನ್ನುತ್ತಾರೆಯೇ? ಅದೇನು ತರಕಾರಿ ಮಾರ್ಕೆಟ್ಟೇ?

ನಿಚ್ಚಿ ನಿಮ್ಮ ಜೊತೆ ಪ್ರಯಾಣ ಮಾಡುವುದನ್ನು ನಿಲ್ಲಿಸಬೇಕೆಂದು ಕೋರ್ಟಿಗೆ ಅರ್ಜಿ ಹಾಕುತ್ತಿದ್ದೇನೆ. ಪ್ರಮಾಣಪತ್ರ ತಯಾರಾಗುತ್ತಿದೆ. ಮಗಳನ್ನು ನೋಡಬೇಕಿದ್ದರೆ ಮೈಸೂರಿಗೆ ಬಂದು ನೋಡಿ.

ಊಟ ಮಾಡುತ್ತಿದ್ದಾಳೆ. ಸ್ಕೂಲಿಗೆ ಹೋಗುತ್ತಿದ್ದಾಳೆ. ಮಾತು ಕಡಿಮೆಯಾಗಿದೆ.

ಶಿಲ್ಪಶ್ರೀ


ರೈಲ್ವೆ ಕಾಲೊನಿ
14 ನವೆಂಬರ್ 2024

ಶಿಲ್ಪಶ್ರೀಗೆ,

ಅರ್ಜಿಯ ಪ್ರತಿ ಕೈಗೆ ಬಂತು. "ನಿರ್ಲಕ್ಷ್ಯದ ತಂದೆ" ಎಂಬ ಪದವನ್ನು ವಕೀಲರು ಬರೆದದ್ದೋ ನೀನು ಹೇಳಿದ್ದೋ ಗೊತ್ತಿಲ್ಲ. ಕೆಳಗೆ ಇರುವುದು ನಿನ್ನ ಸಹಿ.

ಒಂದು ದಿನ ರಜೆ ಹಾಕಿ ನಿಲ್ದಾಣಕ್ಕೆ ಹೋಗಿದ್ದೆ. ವಿಚಾರಣೆಯ ಕೌಂಟರಿನ ಹುಡುಗಿ, "ಪಂಪ್ ತೆಗೆಯಬೇಕಿಲ್ಲ, ಕಾಗದವೂ ಬೇಕಿಲ್ಲ" ಎಂದಳು. ಭದ್ರತಾ ಕಚೇರಿಯ ಕಿಟಕಿಯಲ್ಲಿದ್ದವರು, "ತೆಗೆಯಲೇಬೇಕು, ಯಾವಾಗಲೂ ಹಾಗೇ" ಎಂದರು. ಇಮೇಲ್ ಬರೆದೆ. ಸ್ಥಳದಲ್ಲಿರುವ ಅಧಿಕಾರಿಯ ತೀರ್ಮಾನವೇ ಅಂತಿಮ ಎಂದು ಉತ್ತರ ಬಂತು. ನನ್ನ ಹೆಂಡತಿ ನಂಬುತ್ತಿಲ್ಲ, ಅಕ್ಟೋಬರ್ ಹದಿಮೂರಕ್ಕೆ ನಡೆದದ್ದನ್ನು ಬರೆದು ಕೊಡಿ ಎಂದು ಆ ಕಿಟಕಿಯಲ್ಲಿ ಕೇಳಿದ್ದೆ. ಹೆಂಡತಿ ಎಂಬ ಮಾತು ಅಭ್ಯಾಸಬಲದಿಂದ ಬಂತು. ಬರೆದು ಕೊಡುವ ಪದ್ಧತಿಯಿಲ್ಲವಂತೆ.

ನೀನು ಮೇ ತಿಂಗಳ ಬಗ್ಗೆ ಸುಳ್ಳು ಹೇಳಿದೆ ಎಂದು ನಾನು ಒಂದು ಸಲವೂ ಅಂದಿಲ್ಲ, ಗಮನಿಸು. ನಿನ್ನನ್ನು ಅವರು ಬಿಟ್ಟಿರಬಹುದು. ನನ್ನನ್ನು ಬಿಡಲಿಲ್ಲ.

ಕಂಪನಿಯ ವರದಿ ಬಂತೇ? ಎಕ್ಸ್‌ರೇಯಿಂದಲೇ ಹಾಳಾಯಿತು ಎಂದು ಅದರಲ್ಲಿದ್ದರೆ ನಾನಾಗಿಯೇ ಕೋರ್ಟಿಗೆ ಬಂದು ಒಪ್ಪಿಕೊಳ್ಳುತ್ತೇನೆ. ದಿನವೂ ಅದನ್ನೇ ಯೋಚಿಸುತ್ತಿರುತ್ತೇನೆ. ವರ್ಕ್‌ಶಾಪಿನಲ್ಲಿ ಎರಡು ಸಲ ಕೆಲಸದಲ್ಲಿ ತಪ್ಪು ಮಾಡಿದೆ. ಕರಿಬಸವಯ್ಯ ಎಂದು ನಮ್ಮ ಕಡೆಯವರೇ ಒಬ್ಬರು ಮೇಸ್ತ್ರಿ ಇದ್ದಾರೆ. "ಮನೇಲಿ ಏನಾರ ಆಗದಾ ಅಮರೇಶಪ್ಪ? ಕೈ ಕಳ್ಕೊಂಡೀಯೆ, ಜ್ವಾಕೆ" ಅಂದರು. ವರದಿ ಬಂದ ಕೂಡಲೇ ತಿಳಿಸು.

ಅಮರೇಶ್


ಬೋಗಾದಿ
25 ನವೆಂಬರ್ 2024

ಅಮರೇಶ್ ಅವರಿಗೆ,

ಅರ್ಜಿ ಇತ್ಯರ್ಥವಾಗುವವರೆಗೆ ಭೇಟಿ ನಿಲ್ಲಬಾರದು, ಈ ಸಲ ತಾಯಿಯೇ ಕರೆದುಕೊಂಡು ಹೋಗಿ ತಾಯಿಯೇ ಕರೆತರಲಿ ಎಂದು ಮಧ್ಯಸ್ಥಿಕೆಯಲ್ಲಿ ತೀರ್ಮಾನವಾಗಿದೆ. ಡಿಸೆಂಬರ್ ಇಪ್ಪತ್ತೊಂದಕ್ಕೆ ಬರುತ್ತೇವೆ. ಇಪ್ಪತ್ತೆಂಟಕ್ಕೆ ವಾಪಸ್. ನಾನು ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿರುತ್ತೇನೆ. ಹೊಸ ಕಾಗದ ಮಾಡಿಸುತ್ತೇನೆ. ಆ ನಿಲ್ದಾಣದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ನಿಮಗೂ ತಿಳಿದ ಹಾಗಾಗುತ್ತದೆ.

ಶಿಲ್ಪಶ್ರೀ


ಬೋಗಾದಿ
2 ಜನವರಿ 2025

ನಿಚ್ಚಿಯ ಅಪ್ಪನಿಗೆ,

ಇದು ನಾಲ್ಕನೆಯ ಹಾಳೆ. ಮೂರನ್ನು ಹರಿದು ಹಾಕಿದೆ.

ಇಪ್ಪತ್ತೆಂಟರಂದು ನೀವು ನಮ್ಮನ್ನು ವಿಮಾನ ನಿಲ್ದಾಣದ ಗೇಟಿನ ಹೊರಗೆ ಬಿಟ್ಟು ಹೋದಿರಿ. ನಾನು ಬಹಳ ಧೈರ್ಯವಾಗಿ ಒಳಗೆ ಹೋದೆ. ಹತ್ತು ದಿನದ ಹಿಂದಿನ ಕಾಗದ, ಆಸ್ಪತ್ರೆಯ ಸೀಲು, ಕಂಪನಿಯ ಸೂಚನೆಯ ಪುಟ, ಎಲ್ಲ ಕೈಯಲ್ಲೇ ಇತ್ತು. ಪರದೆಯೊಳಗಿದ್ದ ಹೆಂಗಸು ಕಾಗದ ನೋಡಲೇ ಇಲ್ಲ. "ಟ್ರೇಗೆ ಹಾಕಿ" ಎಂದಳು.

"ಮೇ ತಿಂಗಳಲ್ಲಿ ಇಲ್ಲೇ ಬಿಟ್ಟರು" ಎಂದೆ.

"ಯಾರು ಬಿಟ್ಟರು? ಹೆಸರು ಹೇಳಿ."

ಹೆಸರು ನನಗೇನು ಗೊತ್ತು. ಮೇಲಿನವರನ್ನು ಕರೆಯಿರಿ ಎಂದೆ. ಬಂದವರು ಕಾಗದವನ್ನು ಪೂರ್ತಿ ಓದಿದರು, ತುಂಬ ಮರ್ಯಾದೆಯಿಂದ ಮಾತಾಡಿದರು, ಇನ್ನೊಬ್ಬರನ್ನು ಕೇಳಬೇಕು ಎಂದು ಹೋದರು. ಇಪ್ಪತ್ತು ನಿಮಿಷ ಬರಲಿಲ್ಲ. ಪಕ್ಕದ ಸಾಲಿನಲ್ಲಿ ಒಬ್ಬ ವಯಸ್ಸಾದವರು ಅಂಗಿ ಎತ್ತಿ ಅಂಥದ್ದೇ ಪಂಪ್ ತೋರಿಸಿ ಹೋದರು. ನನ್ನ ಕಣ್ಣೆದುರೇ ಹೋದರು! ಕೈ ತೋರಿಸಿ ಕೂಗಿದೆ. "ಅದು ಆ ಕೌಂಟರು, ಇದು ಈ ಕೌಂಟರು" ಎಂದಳು.

ಆಗ ನಿಚ್ಚಿ ನನ್ನ ಸೆರಗು ಹಿಡಿದಳು. "ಅಮ್ಮ, ಕೈ ನಡುಗ್ತಾ ಇದೆ." ಹೊರಡುವಾಗ ತಿಂಡಿಗೆಂದು ಇನ್ಸುಲಿನ್ ಕೊಟ್ಟುಕೊಂಡಿದ್ದಳು, ತಡವಾಯಿತೆಂದು ಅರ್ಧ ಇಡ್ಲಿಯನ್ನೂ ತಿಂದಿರಲಿಲ್ಲ. ಅವಳ ತುಟಿ ಬೆಳ್ಳಗಾಗಿತ್ತು, ಹಣೆಯಲ್ಲಿ ಬೆವರು. ಜ್ಯೂಸಿನ ಪೊಟ್ಟಣ, ಗ್ಲೂಕೋಸ್, ಎಲ್ಲ ಬ್ಯಾಗಿನಲ್ಲಿ. ಬ್ಯಾಗು ಯಂತ್ರ ದಾಟಿ ಆಚೆ ಬಿದ್ದಿತ್ತು. ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಜ್ಯೂಸ್ ಕೊಡಿ, ಮಗು ಬೀಳುತ್ತಾಳೆ ಎಂದೆ. ತಪಾಸಣೆ ಮುಗಿಯದೆ ಬ್ಯಾಗು ಮುಟ್ಟುವ ಹಾಗಿಲ್ಲ ಎಂದರು.

ನಾನೇ ಕ್ಲಿಪ್ಪು ಬಿಚ್ಚಿದೆ. ಟ್ರೇಗೆ ಹಾಕಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ.

ಆಚೆ ನೆಲದ ಮೇಲೆ ಕೂತು ಜ್ಯೂಸ್ ಕುಡಿದಳು. ಮುಖಕ್ಕೆ ಬಣ್ಣ ಬಂದ ಮೇಲೆ ನನ್ನನ್ನೇ ನೋಡಿ ಕೇಳಿದಳು: "ಅಪ್ಪನ ಮೇಲೆ ಈಗ್ಲೂ ಕೋಪಾನಾ ಅಮ್ಮ?"

ನಿಮ್ಮ ಅಕ್ಟೋಬರ್ ಪತ್ರದಲ್ಲಿದ್ದದ್ದು ನಿಜ. ಬರೆಯಲು ಕಷ್ಟವಾದದ್ದು ಅದಲ್ಲ. ಕಷ್ಟದ್ದು ಇನ್ನು ಮುಂದೆ ಇದೆ.

ಸೆಪ್ಟೆಂಬರ್ ಆರಕ್ಕೆ ಒಂದು ಸಲ, ಹದಿನೈದಕ್ಕೆ ಒಂದು ಸಲ ಹಳೆಯ ಪಂಪ್ ಕೂಗಿಕೊಂಡು ಮೋಟಾರ್ ದೋಷ ಎಂದು ತೋರಿಸಿತ್ತು. ಆಫ್ ಮಾಡಿ ಆನ್ ಮಾಡಿದೆ, ಓಡಿತು. ಕಂಪನಿಗೆ ಹೇಳಬೇಕಿತ್ತು. ಶಿಫ್ಟು, ಅಮ್ಮನ ಮಂಡಿನೋವು, ನಾಳೆ ಮಾಡೋಣ ಎಂದು ಬಿಟ್ಟೆ. ಮೂರು ದಿನ ಬಿಟ್ಟು ನಿಮಗೆ ಪತ್ರ ಬರೆಯುವಾಗ ಪಂಪ್ ಚೆನ್ನಾಗಿದೆ ಎಂದು ಬರೆದೆ. ಕೆಟ್ಟಿದೆ ಎಂದರೆ ನಾಳೆ ಕೋರ್ಟಿನಲ್ಲಿ ತಾಯಿ ಸರಿಯಾಗಿ ನೋಡಿಕೊಳ್ಳುವುದಿಲ್ಲ ಎನ್ನುತ್ತೀರಿ ಎಂದುಕೊಂಡೆ.

ಕಂಪನಿಯ ವರದಿ ನವೆಂಬರ್ ನಾಲ್ಕಕ್ಕೇ ಬಂತು. ಆ ಎರಡು ತಾರೀಕುಗಳೂ ಅದರಲ್ಲಿವೆ. ಮೋಟಾರ್ ಮೊದಲೇ ಸವೆದಿತ್ತು, ಎಕ್ಸ್‌ರೇಯಿಂದ ಆಯಿತೆಂದು ಹೇಳಲು ಆಧಾರವಿಲ್ಲ ಎಂದಿದೆ. ನೀವು ಕೇಳಿದಿರಿ, ನಾನು ಉತ್ತರಿಸಲಿಲ್ಲ. ಅದಾದ ಮೇಲೂ, ಪಂಪಿನಲ್ಲಿ ಹಿಂದೆ ಯಾವ ದೋಷವೂ ಇರಲಿಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ವರದಿಯ ಪ್ರತಿ ಇದರ ಜೊತೆಗಿದೆ. ಸುಮ್ಮನಿದ್ದುಬಿಡಿ ಎಂದು ವಕೀಲರು ಹೇಳಿದರು. ಈಗಲೂ ಹೇಳುತ್ತಿದ್ದಾರೆ.

ಇದನ್ನು ನೀವು ಏನು ಬೇಕಾದರೂ ಮಾಡಬಹುದು.

ಶಿಲ್ಪಶ್ರೀ


ರೈಲ್ವೆ ಕಾಲೊನಿ
11 ಜನವರಿ 2025

ಶಿಲ್ಪಾ,

ವರದಿಯನ್ನು ಮೂರು ಸಲ ಓದಿದೆ. ಆಮೇಲೆ ಕಾಲೊನಿಯ ಸುತ್ತ ನಡೆದೆ. ಮೊದಲ ಎರಡು ದಿನ ನಿನಗೆ ಬರೆಯಬೇಕೆಂದುಕೊಂಡ ಮಾತುಗಳನ್ನು ಬರೆಯುವುದಿಲ್ಲ. ಆದರೆ ಅವು ಇದ್ದವು ಎಂದು ನಿನಗೆ ಗೊತ್ತಿರಲಿ. ಎರಡು ತಿಂಗಳು ನನ್ನ ಮಗಳನ್ನು ನಾನೇ ಸಾವಿನ ಬಾಗಿಲಿಗೆ ಒಯ್ದೆ ಎಂದುಕೊಂಡು ಊಟ ಮಾಡಿದ್ದೇನೆ. ನಿನ್ನ ಬಳಿ ಆ ಕಾಗದವಿತ್ತು.

ಈ ವರದಿಯನ್ನು ನಾನು ಕೋರ್ಟಿಗೆ ಕೊಡುವುದಿಲ್ಲ. ನೀನೇ ಕೊಡಬೇಕು.

ನಾನು ಬರೆಯದಿದ್ದದ್ದೂ ಒಂದಿದೆ. ನಿಚ್ಚಿ ಬಿಚ್ಚಿ ಕೊಟ್ಟಳು ಎಂದು ಬರೆದೆ. ಹೇಗೆ ಎಂದು ಬರೆಯಲಿಲ್ಲ. ಆ ಅಧಿಕಾರಿಯ ಮೇಲೆ ಬಂದ ಸಿಟ್ಟನ್ನು ಅವನ ಮೇಲೆ ತೀರಿಸಿಕೊಳ್ಳಲಾಗದೆ ಮಗುವಿನ ಮೇಲೆ ಕಿರುಚಿದೆ. "ಬಿಚ್ಚೇ ಬೇಗ, ಎಲ್ರೂ ನೋಡ್ತಾವ್ರೆ!" ಅಂದೆ. ಅವಳು "ಬೇಡ ಅಪ್ಪ, ಅಮ್ಮ ಬೇಡ ಅಂದವ್ರೆ" ಎನ್ನುತ್ತಲೇ ಬಿಚ್ಚಿದಳು.

ಡಿಸೆಂಬರಿನಲ್ಲಿ ಒಂದು ಸಂಜೆ ಚಪಾತಿ ಲಟ್ಟಿಸುತ್ತಿದ್ದೆ. ಪಕ್ಕದಲ್ಲಿ ನಿಂತು, ಹಿಟ್ಟಿನ ಉಂಡೆ ಹಿಸುಕುತ್ತ ಕೇಳಿದಳು: "ನಾನ್ ಬಿಚ್ಚಿದ್ದಕ್ಕೇ ಅಲ್ವಾ ಅಪ್ಪ ಪಂಪ್ ಹಾಳಾಗಿದ್ದು? ನಾನ್ ಬಿಚ್ಚಲ್ಲ ಅಂದಿದ್ರೆ ನೀವು, ಅಮ್ಮ ಕೋರ್ಟಿಗೆ ಹೋಗ್ತಿರ್ಲಿಲ್ಲ ಅಲ್ವಾ?" ಇಲ್ಲ ಮಗಳೇ ಎಂದೆ. ನನಗೇ ನಂಬಿಕೆ ಇರಲಿಲ್ಲ, ಮಾತು ಗಟ್ಟಿಯಾಗಿ ಬರಲಿಲ್ಲ. ಅವಳಿಗೆ ಅದು ಗೊತ್ತಾಯಿತು.

ಮೂರು ತಿಂಗಳಿಂದ ಅವಳು ಹೊತ್ತುಕೊಂಡಿರುವುದು ಇದು. ಮಾತು ಕಡಿಮೆಯಾಗಿದೆ ಎಂದು ಬರೆದಿದ್ದೆಯಲ್ಲ, ಅದಕ್ಕೇ. ಕೋರ್ಟು ಆಮೇಲೆ. ಮೊದಲು ಅವಳಿಗೆ ಹೇಳು. ನಾನು ಹೇಳಿದರೆ ನಿನ್ನ ಮೇಲೆ ಚಾಡಿಯಾಗುತ್ತದೆ. ಕಿರುಚಿದ್ದಕ್ಕೆ ನಾನು ಅವಳಿಗೆ ಬೇರೆ ಕಾಗದ ಬರೆದಿದ್ದೇನೆ, ಇದರೊಳಗೇ ಇದೆ. ತೆರೆಯದೆ ಕೊಡು.

ಅಮರೇಶ್


ಬೋಗಾದಿ
27 ಜನವರಿ 2025

ನಿಚ್ಚಿಯ ಅಪ್ಪನಿಗೆ,

ಹೇಳಿದೆ. ಹತ್ತೊಂಬತ್ತನೆಯ ತಾರೀಕು ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಮುಖ ಕಾಣುವುದಿಲ್ಲವೆಂದು ಅದೇ ಸಮಯ ನೋಡಿಕೊಂಡೆ. ಅವಳು ತಿರುಗಿ ಕೂತಳು. ವರದಿ ತರಿಸಿಕೊಂಡು ತಾನೇ ಓದಿದಳು. "ಅಂದ್ರೆ ನಾನ್ ಬಿಚ್ಚಿದ್ದಕ್ಕಲ್ಲ" ಅಂದಳು. ಅಲ್ಲ ಎಂದೆ. ಮತ್ತೆ ಕೇಳಿದಳು, ಮತ್ತೆ ಅಲ್ಲ ಎಂದೆ. ಮೂರನೆಯ ಸಲ ಕೇಳುವಾಗ ಅಳುತ್ತಿದ್ದಳು. ಆಮೇಲೆ, "ನಿಂಗೆ ಗೊತ್ತಿತ್ತು, ಯಾಕಮ್ಮ ಹೇಳ್ಲಿಲ್ಲ?" ಎಂದಳು. ಹೆದರಿಕೆಯಾಯಿತು ಎಂದೆ. ಎಣ್ಣೆ ತಲೆಯಲ್ಲೇ ಎದ್ದು ಹೋದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ಊಟ, ಸಕ್ಕರೆ ನೋಡುವುದು, ಎಲ್ಲ ಅಜ್ಜಿಯ ಜೊತೆ. ನಿಮ್ಮ ಕಾಗದವನ್ನು ತೆರೆಯದೆ ಕೊಟ್ಟೆ. ಅದರಲ್ಲೇನಿದೆ ಎಂದು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಮೂರನೆಯ ದಿನ ಸ್ಕೂಲಿನಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಹೇಳಿದಳು: "ಬೇಸಿಗೆ ರಜೆಗೆ ಅಪ್ಪನ ಜೊತೆ ಹೋಗ್ತೀನಿ. ನೀನ್ ಬರ್ಬೇಡ."

ಅರ್ಜಿಯನ್ನೂ ಪ್ರಮಾಣಪತ್ರವನ್ನೂ ಶುಕ್ರವಾರ ವಾಪಸ್ ತೆಗೆದುಕೊಂಡೆ, ವರದಿಯನ್ನು ಕೋರ್ಟಿಗೆ ಕೊಟ್ಟೆ. ಅಲ್ಲಿ ನ್ಯಾಯಾಧೀಶರು ನನಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಎಲ್ಲರ ಮುಂದೆ ಹೇಳಿದರು, ಹೇಳುವಂಥದ್ದೇ ಆಗಿತ್ತು. ವಕೀಲರು ಕೈಬಿಟ್ಟಿದ್ದಾರೆ. ಎಕ್ಸ್‌ರೇ ಯಂತ್ರದೊಳಗೆ ಹೋಗಿ ಬಂದ ಈಗಿನ ಪಂಪನ್ನು ಕಂಪನಿಯವರು ಒಂದು ವಾರ ಇಟ್ಟುಕೊಂಡು ಪರೀಕ್ಷಿಸಿ, ದೋಷವಿಲ್ಲ ಎಂದು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಇಂಜೆಕ್ಷನ್ ಕೊಟ್ಟೆವು. ಇನ್ನೊಂದು ಸಲ ಹೋದರೆ ಏನಾಗುತ್ತದೋ ಅವರೂ ಹೇಳಲಿಲ್ಲ.

ಏಪ್ರಿಲ್ ಹನ್ನೆರಡಕ್ಕೆ ಬನ್ನಿ. ಜ್ಯೂಸ್ ಬ್ಯಾಗಿನಲ್ಲಿಡಬೇಡಿ, ಕೈಯಲ್ಲಿರಲಿ. ಅವರು ಅದನ್ನೂ ಕಿತ್ತುಕೊಳ್ಳಬಹುದು, ಕಿತ್ತುಕೊಳ್ಳದೆಯೂ ಇರಬಹುದು. ಆ ಕೌಂಟರಿನಲ್ಲಿ ನಿಮ್ಮನ್ನು ಎರಡು ನಿಮಿಷದಲ್ಲಿ ಬಿಡುತ್ತಾರೋ ಗಂಟೆಗಟ್ಟಲೆ ನಿಲ್ಲಿಸುತ್ತಾರೋ ನನಗೆ ಗೊತ್ತಿಲ್ಲ. ಏನು ನಡೆದರೂ ನಡೆದ ಹಾಗೆಯೇ ಬರೆಯಿರಿ. ನಂಬುತ್ತೇನೆ.

ಶಿಲ್ಪಾ